ಭಯವೂ ಬಳುವಳಿಯೇ?

ಪ್ಯಾನಿಕ್ ಕಾಯಿಲೆಯಲ್ಲಿ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ, ಪ್ರಾಣವೇ ಹೋಯಿತು ಅನಿಸುತ್ತದೆ. ನಮ್ಮ ಹಿರಿಯರು ಇಂಥದ್ದಕ್ಕೆ ‘ಗಾಳಿ ಸೋಕಿದೆ’ ಎನ್ನುತ್ತಿದ್ದರು. ವೈದ್ಯರಿಗೂ ಇದು ಬೇಗ ತಿಳಿಯಲಿಲ್ಲ. 1871ರಲ್ಲಿ ಅಮೆರಿಕದ ಡಾ. ಡ ಕೋಸ್ಟಾ ಸೈನಿಕರಲ್ಲಿ ಇಂಥ ಲಕ್ಷಣಗಳನ್ನು ಕಂಡು ಹೃದಯದ ತೊಂದರೆಯೆಂದು ಬರೆದರು. ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಸಿಕ್ಕಿದ್ದು 1980ರಲ್ಲಿ.

ವಂಶದಲ್ಲಿ ಬರುತ್ತದೆಯೇ? 1983ರಲ್ಲಿ ನಾರ್ವೆಯ ಟೋರ್ಗರ್ಸನ್ ಅವಳಿಗಳನ್ನು ಹೋಲಿಸಿದರು. ತದ್ರೂಪಿ ಅವಳಿಗಳಲ್ಲಿ ಇಬ್ಬರಿಗೂ ಬರುವುದು ಹೆಚ್ಚೆಂದು ಕಂಡಿತು. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ವಂಶವಾಹಿಗಳ ಪಾಲು ಸುಮಾರು ಶೇ. 40 ಎಂದು ತಿಳಿಯಿತು. ಅದೂ ಒಂದೇ ಜೀನ್ ಅಲ್ಲ, ಹಲವು ಸೇರಿ. ಉಳಿದದ್ದು ಬದುಕಿನ ಪೆಟ್ಟುಗಳದು. ಬಳುವಳಿಯಾಗಿ ಬರುವುದು ಒಲವು ಮಾತ್ರ, ಕಾಯಿಲೆಯಲ್ಲ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು. ಆದರೂ ಮಗಳ ಸಂಬಂಧ ತಪ್ಪೀತೆಂದು ಮುಚ್ಚಿಡುತ್ತೇವೆ. ಅಜ್ಜಿಗೋ ಚಿಕ್ಕಮ್ಮನಿಗೋ ಇತ್ತೆಂದು ವೈದ್ಯರಿಗೆ ಹೇಳಿದರೆ ಅವರಿಗೆ ದಾರಿ ಸುಲಭ. ಮಾತಿನ ಚಿಕಿತ್ಸೆ, ಔಷಧಿ ಎರಡರಿಂದಲೂ ಗುಣವಿದೆ.

1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಮುಖ್ಯ ಕೇಂದ್ರ. ನಾರಾಯಣಗೂಡದ ಸೋದರಿಯರೇ, 14416 ಉಚಿತ ಸಂಖ್ಯೆ, ಬರೆದಿಟ್ಟುಕೊಳ್ಳಿ.