ಆರು ದಿನ, ಐದು ಪಂದ್ಯ: ಬೆಟ್ಟದ ಕಾಲೇಜಿನ ದಿಗ್ವಿಜಯ

1899ರ ನವೆಂಬರ್ ತಿಂಗಳು. ಅಮೆರಿಕದ ಟೆನೆಸ್ಸಿ ರಾಜ್ಯದ ಬೆಟ್ಟದ ಮೇಲಿರುವ ಸೆವಾನಿ ಎಂಬ ಪುಟ್ಟ ಊರಿನಿಂದ 21 ಆಟಗಾರರ ಕಾಲೇಜು ಫುಟ್‌ಬಾಲ್ ತಂಡವೊಂದು ರೈಲು ಹತ್ತಿತು. ಊರಿಗೆ ಮರಳುವ ಹೊತ್ತಿಗೆ ಈ ಹುಡುಗರು ಸುಮಾರು 2,500 ಮೈಲಿ ಸುತ್ತಿದ್ದರು. ಆರು ದಿನಗಳಲ್ಲಿ ಐದು ಪಂದ್ಯ ಆಡಿ ಐದನ್ನೂ ಗೆದ್ದಿದ್ದರು. ಎದುರಾಳಿಗಳಲ್ಲಿ ಯಾರಿಗೂ ಒಂದೇ ಒಂದು ಅಂಕ ಸಿಕ್ಕಿರಲಿಲ್ಲ.

ಅಮೆರಿಕದ ಕಾಲೇಜು ಕ್ರೀಡೆಯ ಇತಿಹಾಸದಲ್ಲಿ ಇದನ್ನು ಸಾಹಸಗಾಥೆಯಾಗಿಯೇ ಹೇಳುತ್ತಾರೆ. ಆದರೆ ಈ ಸಾಹಸದ ಮೂಲದಲ್ಲಿ ಇದ್ದದ್ದು ಟಿಕೆಟ್ ಹಣದ ಜಗಳ.

ಫುಟ್‌ಬಾಲ್ ಎಂದರೆ ನಮ್ಮಲ್ಲಿ ಚೆಂಡನ್ನು ಕಾಲಿನಿಂದ ಒದೆಯುವ ಆಟ. ಅಮೆರಿಕದ ಫುಟ್‌ಬಾಲ್ ರಗ್ಬಿಯಿಂದ ಹುಟ್ಟಿದ್ದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿ, ಅವರ ಗಡಿಯಾಚೆ ಒಯ್ಯಬೇಕು. ಇದೇ ಟಚ್‌ಡೌನ್. ಆಗ ಅದಕ್ಕೆ ಐದು ಅಂಕ. ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಹೀಗಾಗಿ ಆಟವೆಂದರೆ ದೇಹಕ್ಕೆ ದೇಹ ಡಿಕ್ಕಿ ಹೊಡೆಯುವುದೇ ಆಗಿತ್ತು. ಗಾಯಗೊಂಡು ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿರಲಿಲ್ಲ. ಇಂಥ ಆಟವನ್ನು ದಿನ ಬಿಟ್ಟು ದಿನವಲ್ಲ, ದಿನದಿನವೂ ಆಡಿದ್ದೇ ಸೆವಾನಿಯ ವಿಶೇಷ.

ಸೆವಾನಿಯ ಕಾಲೇಜಿನ ಅಧಿಕೃತ ಹೆಸರು 'ಯೂನಿವರ್ಸಿಟಿ ಆಫ್ ದ ಸೌತ್'. ದಕ್ಷಿಣದ ರಾಜ್ಯಗಳ ಎಪಿಸ್ಕೋಪಲ್ ಚರ್ಚಿನ ಮುಖಂಡರು 1857ರಲ್ಲಿ ಇದನ್ನು ಸ್ಥಾಪಿಸಿದರು. ಅವರಲ್ಲಿ ಹಲವರು ಗುಲಾಮರ ಒಡೆಯರು. ಅಂತರ್ಯುದ್ಧದಲ್ಲಿ ಅವರ ಕನಸು ನುಚ್ಚುನೂರಾಯಿತು. 1868ರಲ್ಲಿ ಒಂಬತ್ತು ವಿದ್ಯಾರ್ಥಿಗಳು, ನಾಲ್ವರು ಅಧ್ಯಾಪಕರೊಂದಿಗೆ ತರಗತಿಗಳು ಆರಂಭವಾದವು. ಬಿಳಿಯರಿಗೆ ಮಾತ್ರ ಪ್ರವೇಶ. ಮೂರು ದಶಕದ ನಂತರವೂ ಅದು ಸಣ್ಣ ಕಾಲೇಜೇ.

ಅಲ್ಲಿನ ಫುಟ್‌ಬಾಲಿಗೆ ಹಣ ತರುತ್ತಿದ್ದುದು ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಎದುರಿನ ವಾರ್ಷಿಕ ಪಂದ್ಯ. ಟಿಕೆಟ್ ಹಣದ ಹಂಚಿಕೆಯಲ್ಲಿ ಮನಸ್ತಾಪ ಬಂದು 1899ರಲ್ಲಿ ಆ ಪಂದ್ಯ ನಡೆಯಲಿಲ್ಲ. ವರ್ಷದ ದೊಡ್ಡ ಆದಾಯವೇ ತಪ್ಪಿತು. ತಂಡದ ಮ್ಯಾನೇಜರ್ ಲ್ಯೂಕ್ ಲೀ ಆಗ 20 ವರ್ಷದ ವಿದ್ಯಾರ್ಥಿ. ದೂರದ ಊರುಗಳಲ್ಲಿ ಸಾಲಾಗಿ ಪಂದ್ಯ ಆಡಿದರೆ ರೈಲಿನ ಖರ್ಚು ಕಳೆದು ಕೈಗೆ ನಾಲ್ಕು ಕಾಸು ಉಳಿಯುತ್ತದೆ ಎಂದು ಅವನು ಲೆಕ್ಕ ಹಾಕಿದ. ಹೋಟೆಲಿನ ಬದಲು ರೈಲಿನಲ್ಲೇ ನಿದ್ದೆ ಎಂದು ತೀರ್ಮಾನವಾಯಿತು.

ನವೆಂಬರ್ 9, ಗುರುವಾರ ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿರುದ್ಧ 12-0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23-0. ಭಾನುವಾರ ವಿಶ್ರಾಂತಿ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ವಿರುದ್ಧ 34-0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿರುದ್ಧ 12-0. ಹೊರಡುವಾಗ ಆಟದ ಬೂಟುಗಳು ನಿಲ್ದಾಣದಲ್ಲೇ ಉಳಿದವು, ಪರವೂರಿನ ನೀರು ಒಗ್ಗದೆಂದು ಊರಿನ ಚಿಲುಮೆಯ ನೀರನ್ನು ಪೀಪಾಯಿಗಳಲ್ಲಿ ಹೊತ್ತೊಯ್ದರು ಎಂಬ ಕಥೆಗಳು ಇಂದಿಗೂ ಪ್ರಚಲಿತ.

ನಿಜವಾದ ಪರೀಕ್ಷೆ ಎದುರಾದದ್ದು ಅನಂತರ. ನವೆಂಬರ್ 30ರಂದು ಮಾಂಟ್‌ಗೊಮರಿಯಲ್ಲಿ ಆಬರ್ನ್ ತಂಡ ಸೆವಾನಿಯ ಬೆವರಿಳಿಸಿತು. ಆಬರ್ನ್‌ನ ತರಬೇತುದಾರ ಜಾನ್ ಹೈಸ್‌ಮನ್. ಈಗ ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ ಇವರ ಹೆಸರಿನದೇ. ಸೆವಾನಿ 11-10ರಿಂದ ಬಚಾವಾಯಿತು. ಇಡೀ ಋತುವಿನಲ್ಲಿ ಅದರ ವಿರುದ್ಧ ಅಂಕ ಗಳಿಸಿದ್ದು ಆಬರ್ನ್ ಮಾತ್ರ. ಎರಡು ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾವನ್ನು 5-0ರಿಂದ ಸೋಲಿಸಿ ದಕ್ಷಿಣದ ಚಾಂಪಿಯನ್ ಎನಿಸಿತು. ಒಟ್ಟು 12 ಪಂದ್ಯ, 12 ಗೆಲುವು. ಗಳಿಸಿದ ಅಂಕ 322, ಕೊಟ್ಟದ್ದು 10.

ಒಂದು ಮಾತನ್ನು ಮರೆಯುವಂತಿಲ್ಲ. ಅಂದಿನ ಟೆಕ್ಸಾಸ್, ಲೂಯಿಸಿಯಾನಾ ತಂಡಗಳು ಇಂದಿನ ದೈತ್ಯ ತಂಡಗಳಲ್ಲ. ಲಕ್ಷ ಜನ ಕೂರುವ ಕ್ರೀಡಾಂಗಣ, ಕೋಟಿಗಟ್ಟಲೆ ಡಾಲರ್‌ಗಳ ಪ್ರಸಾರ ಹಕ್ಕು ಆಗ ಯಾರಿಗೂ ಇರಲಿಲ್ಲ. ಸಣ್ಣ ಕಾಲೇಜೊಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಸರಿಸಮನಾಗಿ ನಿಲ್ಲಬಹುದಾದ ಕಾಲ ಅದು.

ಆ ಕಾಲ ಬಹಳ ದಿನ ಉಳಿಯಲಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳು ಕ್ರೀಡಾಂಗಣ ಕಟ್ಟಿದವು, ಆಟಗಾರರನ್ನು ಹುಡುಕಿ ವಿದ್ಯಾರ್ಥಿವೇತನ ಕೊಟ್ಟು ಕರೆತಂದವು. 1932ರಲ್ಲಿ 'ಸೌತ್‌ಈಸ್ಟರ್ನ್ ಕಾನ್ಫರೆನ್ಸ್' ರಚನೆಯಾದಾಗ ಹಳೆಯ ಗೌರವದಿಂದ ಸೆವಾನಿಯೂ ಸ್ಥಾಪಕ ಸದಸ್ಯನಾಯಿತು. ಆದರೆ ಎಂಟು ವರ್ಷಗಳಲ್ಲಿ ಆಡಿದ 37 ಕಾನ್ಫರೆನ್ಸ್ ಪಂದ್ಯಗಳನ್ನೂ ಸೋತಿತು. 1940ರಲ್ಲಿ ಕಾಲೇಜಿನ ಮುಖ್ಯಸ್ಥ ಅಲೆಕ್ಸಾಂಡರ್ ಗೆರಿ ದೃಢ ನಿರ್ಧಾರ ಕೈಗೊಂಡರು. ಸೆವಾನಿ ಕೂಟದಿಂದ ಹೊರಬಂತು. ಆಟಕ್ಕೆಂದೇ ವಿದ್ಯಾರ್ಥಿವೇತನ ಕೊಡುವ ಪದ್ಧತಿಗೂ ತೆರೆ ಬಿತ್ತು. ಕಾಲೇಜಿನ ಕೆಲಸ ಓದಿಸುವುದು, ಆಟಗಾರರನ್ನು ಸಾಕುವುದಲ್ಲ ಎಂಬುದೇ ಈ ನಿಲುವಿನ ತಿರುಳು.

ಲ್ಯೂಕ್ ಲೀ ಮುಂದೆ ನ್ಯಾಶ್‌ವಿಲ್‌ನಲ್ಲಿ ಪತ್ರಿಕೆ ಸ್ಥಾಪಿಸಿ, 1911ರಲ್ಲಿ ಅಮೆರಿಕದ ಸೆನೆಟರ್ ಆದ. ಸೆವಾನಿ ಈಗಲೂ ಫುಟ್‌ಬಾಲ್ ಆಡುತ್ತದೆ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೇ ದರ್ಜೆಯ ವಿಭಾಗದಲ್ಲಿ. ಹಣ ಸಾಲದೆ ರೈಲು ಹತ್ತಿ ಚಾಂಪಿಯನ್ ಆದ ಕಾಲೇಜು, ಹಣದ ಓಟ ತನ್ನದಲ್ಲವೆಂದು ಅರಿತಾಗ ತಾನೇ ಇಳಿದುಕೊಂಡಿತು. ಅದರ ಹೆಸರನ್ನು ಜನ ಇನ್ನೂ ನೆನೆಯುವುದು ಮಾತ್ರ ಆ ಆರು ದಿನಗಳಿಗಾಗಿ.