ಕಾರ್ಡಿಗಾಗಿ ಕಾದವರು: ಸರ್ಕಾರಿ ನೌಕರಿಯ ಸರತಿ ಸಾಲು ಮತ್ತು ನಾವು



ಖೈತಾನಿನಲ್ಲಿ ಯಾವ ಕನ್ನಡಿಗರ ಮನೆಗಾದರೂ ಹೋಗಿ "ಕುವೈತಿಗೆ ಯಾಕೆ ಬಂದಿರಿ?" ಎಂದು ಕೇಳಿದರೆ ಮೊದಲು ಸಿಗುವ ಉತ್ತರ ದಿನಾರು. ಎರಡನೆಯ ಲೋಟ ಚಹಾ ಬರುವ ಹೊತ್ತಿಗೆ ಇನ್ನೊಂದು ಉತ್ತರ ಮೆಲ್ಲಗೆ ಹೊರಬೀಳುತ್ತದೆ: "ಊರಲ್ಲಿ ಗೌರ್ಮೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಇಂಟರ್‌ವ್ಯೂ ಕಾರ್ಡು ಬರಲೇ ಇಲ್ಲ." ವೈದ್ಯರಾದ ನಾವು ಇತಿಹಾಸ ಬರೆಯಲು ಹೊರಟದ್ದು ಈ ಎರಡನೆಯ ಉತ್ತರದ ಬೆನ್ನು ಹತ್ತಿ. ನಮ್ಮ ಮನೆಗಳಲ್ಲಿ ಈಗ ಇನ್ನೊಂದು ತಲೆಮಾರು ಇದೇ ಪ್ರಶ್ನೆಯ ಮುಂದೆ ನಿಂತಿದೆ. ಅಣ್ಣನ ಮಗ ಧಾರವಾಡದ ಕೋಚಿಂಗ್ ಸೆಂಟರಿನಿಂದ ಫೋನ್ ಮಾಡಿ, "ಇನ್ನೊಂದು ವರ್ಷ ಕಾಯಲೋ, ವೀಸಾ ಕಳಿಸುತ್ತೀರೋ?" ಎಂದು ಕೇಳುತ್ತಾನೆ. ಅವನಿಗೆ ಉತ್ತರ ಕೊಡುವ ಮೊದಲು ಈ ಸರತಿ ಸಾಲು ಎಲ್ಲಿಂದ ಬಂತು ಎಂದು ನೋಡೋಣ.

ಹಳೆಯ ಮೈಸೂರಿನಲ್ಲೇ ಇದರ ಬೇರುಗಳಿವೆ. ಸರ್ಕಾರಿ ಹುದ್ದೆ ಯಾರಿಗೆ ಸೇರಬೇಕು ಎಂಬ ಜಗಳಕ್ಕೆ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯೇ ಸಾಕ್ಷಿ. ಅದೇ ವರ್ಷ ದಿವಾನ್ ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಡುವುದಕ್ಕೆ ಈ ವಿಚಾರದಲ್ಲಿದ್ದ ಭಿನ್ನಾಭಿಪ್ರಾಯವೂ ಒಂದು ಕಾರಣ. 1951ರಲ್ಲಿ ಲೋಕಸೇವಾ ಆಯೋಗ ಬಂತು. 1959ರಲ್ಲಿ ಕೇಂದ್ರ ಸರ್ಕಾರ, ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆ ಮಾಡಿತು. ಅಲ್ಲಿಂದ ಶುರುವಾದದ್ದು ನಮಗೆಲ್ಲ ಗೊತ್ತಿರುವ ಆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡಿನ ಕಾಲ.

ನಮ್ಮ ವಯಸ್ಸಿನವರಿಗೆ ಆ ಕಾರ್ಡಿನ ವಾಸನೆ ಕೂಡ ನೆನಪಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಕೂಡಲೇ ಅಪ್ಪ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹೆಸರು ಹಚ್ಚಿಸುತ್ತಿದ್ದರು. ಮೂರು ವರ್ಷಕ್ಕೊಮ್ಮೆ ನವೀಕರಣ. ಒಂದು ಸಲ ತಪ್ಪಿದರೆ ಹಿರಿತನ ಹೋಯಿತು. ಇಲಾಖೆಗಳು ಕೇಂದ್ರ ಕಳಿಸಿದ ಹೆಸರುಗಳನ್ನಷ್ಟೇ ನೋಡುತ್ತಿದ್ದ ಕಾಲ ಅದು. ಸರದಿ ಬರುವವರೆಗೆ ಹೊರಗಿನವನಿಗೆ ಬಾಗಿಲೇ ಇಲ್ಲ. ಈ ಪದ್ಧತಿಗೆ ಸುಪ್ರೀಂ ಕೋರ್ಟು ತಿದ್ದುಪಡಿ ಹೇಳಿದ್ದು 1996ರಲ್ಲಿ: ಕೇಂದ್ರದಿಂದ ಹೆಸರು ತರಿಸಿಕೊಳ್ಳಿ, ಜೊತೆಗೆ ಪತ್ರಿಕೆಯಲ್ಲೂ ಜಾಹೀರಾತು ಕೊಡಿ, ಅರ್ಹರಾದ ಎಲ್ಲರನ್ನೂ ಪರಿಗಣಿಸಿ ಎಂದು. ಅಷ್ಟರಲ್ಲಿ ನಮ್ಮಲ್ಲಿ ಎಷ್ಟೋ ಮಂದಿಯ ಕಾರ್ಡು ಟ್ರಂಕಿನ ಅಡಿಯಲ್ಲಿ ಹಳದಿಗಟ್ಟಿತ್ತು, ಕಾರ್ಡಿನ ಯಜಮಾನ ಫರ್ವಾನಿಯಾದಲ್ಲಿ ಇಕಾಮಾ ನವೀಕರಿಸುತ್ತಿದ್ದ.

ಇತ್ತ ಕುವೈತಿನ ಲೆಕ್ಕ ಬೇರೆ ದಿಕ್ಕಿನಲ್ಲಿ ಓಡುತ್ತಿತ್ತು. 1938ರಲ್ಲಿ ಬುರ್ಗಾನಿನಲ್ಲಿ ತೈಲ ಸಿಕ್ಕಿತು, 1946ರಲ್ಲಿ ಮೊದಲ ಹಡಗು ಹೊರಟಿತು. 1973ರ ನಂತರ ತೈಲದ ಬೆಲೆ ಏರಿ, 1975ರಲ್ಲಿ ಕಂಪನಿ ಪೂರ್ತಿಯಾಗಿ ಸರ್ಕಾರದ ಕೈಗೆ ಬಂದ ಮೇಲೆ ಆಸ್ಪತ್ರೆ, ಶಾಲೆ, ರಸ್ತೆ, ಕಚೇರಿ ಎಲ್ಲಕ್ಕೂ ಜನ ಬೇಕಾಯಿತು. ಊರಿನಲ್ಲಿ ಹತ್ತು ವರ್ಷ ಕಾಯಬೇಕಾದ ಟೈಪಿಸ್ಟನಿಗೆ ಇಲ್ಲಿ ಹತ್ತು ವಾರದಲ್ಲಿ ಕೆಲಸ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಜನಕ್ಕೆ ಮುಂಬಯಿಯ ದಾರಿ ಮೊದಲೇ ಗೊತ್ತಿತ್ತು. ಅಲ್ಲಿಂದ ಮುಂದಿನ ಹೆಜ್ಜೆ ಕೊಲ್ಲಿಗೆ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ನುಗ್ಗಿದಾಗ ಆ ದಾರಿ ಒಮ್ಮೆ ಹಿಮ್ಮುಖವಾಯಿತು. ಅಮ್ಮಾನಿನಿಂದ ಏರ್ ಇಂಡಿಯಾ ಲಕ್ಷಕ್ಕೂ ಮಿಕ್ಕಿ ಭಾರತೀಯರನ್ನು ಮನೆಗೆ ಮುಟ್ಟಿಸಿತು. ಮನೆ ತಲುಪಿದವರಿಗೆ ಕಾರ್ಡಿನ ನವೀಕರಣವೂ ಇಲ್ಲ, ವಯಸ್ಸೂ ಮೀರಿತ್ತು. ವಿಮೋಚನೆಯ ನಂತರ ಅಷ್ಟು ಬೇಗ ಮರಳಿ ಬಂದರಲ್ಲ ಎಂದು ಕೆಲವರು ಅಚ್ಚರಿಪಡುತ್ತಾರೆ. ನಮಗೆ ಅಚ್ಚರಿಯಿಲ್ಲ.

ಕನ್ನಡಿಗರಿಗೆ ಕನ್ನಡನಾಡಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಪಾಲು ಎಷ್ಟು ಎಂಬ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಂಟಿ, ಬಿಇಎಲ್ ಕಟ್ಟಿದರು, ಒಳಗೆ ನಮ್ಮವರು ಎಷ್ಟು ಎಂಬ ಕೂಗೆದ್ದು 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ರಚನೆಯಾಯಿತು. 1986ರಲ್ಲಿ ಅಂತಿಮ ವರದಿ, 58 ಶಿಫಾರಸುಗಳು. ರಾಜ್ಯೋತ್ಸವದ ಭಾಷಣಗಳಲ್ಲಿ ಅದರ ಹೆಸರು ಕೇಳದ ವರ್ಷವಿಲ್ಲ; ಜಾರಿಯ ಮಾತು ಬೇರೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿಯಿತು. ನಮ್ಮ ಕರಾವಳಿಯ ಸದಸ್ಯರಿಗೆ ಹತ್ತಿರದ ಉದಾಹರಣೆ ಮಂಗಳೂರಿನ ಎಂಆರ್‌ಪಿಎಲ್. ಅದೂ ತೈಲದ್ದೇ. 2003ರಿಂದ ಓಎನ್‌ಜಿಸಿಯ ಕೈಯಲ್ಲಿರುವ ಈ ಸಂಸ್ಥೆಯ ನೇಮಕಾತಿಯಲ್ಲಿ ನೆಲ ಕೊಟ್ಟ ಊರಿನವರಿಗೆ ಜಾಗವಿಲ್ಲವೆಂದು 2021ರಲ್ಲಿ ಪ್ರತಿಭಟನೆಗಳಾದವು. ಕುವೈತಿನ ರಿಫೈನರಿಯಲ್ಲಿ ದುಡಿಯುವವನ ತಮ್ಮನಿಗೆ ಮನೆಯೆದುರಿನ ರಿಫೈನರಿಯಲ್ಲಿ ಕೆಲಸವಿಲ್ಲ!

ಎಲ್ಲವೂ ಕೆಟ್ಟದ್ದೆಂದು ಬರೆದರೆ ಸುಳ್ಳಾಗುತ್ತದೆ. ತೊಂಬತ್ತರ ದಶಕದಲ್ಲಿ ಶಿಕ್ಷಣ ಸಚಿವರಾಗಿದ್ದ ಶೃಂಗೇರಿಯ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಲಕ್ಷದಷ್ಟು ಶಿಕ್ಷಕರ ನೇಮಕ ಅಂಕಗಳ ಆಧಾರದಲ್ಲಿ ನಡೆಯಿತು, ಲಂಚದ ಮಾತು ಕೇಳಲಿಲ್ಲ. ಇಂದಿಗೂ ಹಳ್ಳಿಗಳಲ್ಲಿ "ನಾನು ಗೋವಿಂದೇಗೌಡರ ಕಾಲದ ಮೇಷ್ಟ್ರು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ಸಂದರ್ಶನವಿಲ್ಲ, ಶಿಫಾರಸಿಲ್ಲ, ಅಂಕಪಟ್ಟಿ ನೋಡು, ಹುದ್ದೆ ಕೊಡು. ಮಾಡಬೇಕೆಂದರೆ ಆಗುತ್ತದೆ ಎನ್ನಲು ಇದಕ್ಕಿಂತ ಪುರಾವೆ ನಮಗೆ ಬೇಕಿಲ್ಲ.

ಹಾಗಾದರೆ ಉಳಿದ ಕಡೆ ಯಾಕೆ ಆಗುವುದಿಲ್ಲ? ರೋಗದ ಗತಿ ಹೀಗಿದೆ. ಇಲಾಖೆಯಲ್ಲಿ ಹುದ್ದೆ ಖಾಲಿಯಾಗುತ್ತದೆ. ಅದನ್ನು ತುಂಬಲು ಆರ್ಥಿಕ ಇಲಾಖೆ ಒಪ್ಪಬೇಕು. ಒಪ್ಪಿದ ಮೇಲೆ ಮೀಸಲಾತಿಯ ರೋಸ್ಟರ್ ಬಿಂದುಗಳನ್ನು ಗುರುತಿಸಬೇಕು. 371(ಜೆ) ವಿಧಿ ಜಾರಿಯಾದ 2013ರಿಂದ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಲೆಕ್ಕ. ಆಮೇಲೆ ಅಧಿಸೂಚನೆ, ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ, ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ. ಯಾವ ಮೆಟ್ಟಿಲಲ್ಲಿ ಎಡವಿದರೂ ಪ್ರಕರಣ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ, ಅಲ್ಲಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ. ಕೋರ್ಟಿಗೆ ಹೋಗುವವರನ್ನು ದೂರುವುದು ಸುಲಭ. ಆದರೆ ಪಟ್ಟಿಯಲ್ಲಿ ಅನ್ಯಾಯವಾದವನು ಇನ್ನೆಲ್ಲಿಗೆ ಹೋಗಬೇಕು? 1998ರ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯ ಪಟ್ಟಿಯನ್ನು ಪರಿಷ್ಕರಿಸಬೇಕೆಂದು ಹೈಕೋರ್ಟು ಹೇಳಿದ್ದು 2016ರಲ್ಲಿ. ಅಷ್ಟರಲ್ಲಿ ಆ ಅಧಿಕಾರಿಗಳ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದರು.

2011ರ ತಂಡದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದರ ಹಾಗೆ ಮನಸ್ಸಿಗೆ ಕಸಿವಿಸಿ ಮಾಡುವ ಪ್ರಕರಣ ಇನ್ನೊಂದಿಲ್ಲ. ಆ ವರ್ಷದ ನವೆಂಬರಿನಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ ಅಧಿಸೂಚನೆ ಹೊರಡಿಸಿತು. ಅಸಿಸ್ಟೆಂಟ್ ಕಮಿಷನರ್, ಡಿವೈಎಸ್‌ಪಿ, ತಹಸೀಲ್ದಾರ್. ಕನ್ನಡ ಶಾಲೆಯಲ್ಲಿ ಓದಿದ ರೈತನ ಮಗ ಕಾಣಬಹುದಾದ ಅತಿ ಎತ್ತರದ ಕನಸು. ಪರೀಕ್ಷೆಗಳು ಮುಗಿದು 2013ರಲ್ಲಿ ಸಂದರ್ಶನವೂ ಆಯಿತು. ಹುದ್ದೆಗೆ ಹಣ ಕೇಳಿದರೆಂದು ಒಬ್ಬ ಮಹಿಳಾ ಅಭ್ಯರ್ಥಿ ದೂರು ಕೊಟ್ಟರು. ಸಿಐಡಿ ತನಿಖೆಗೆ ಆದೇಶವಾಯಿತು. ಆಯೋಗವನ್ನು ಸರಿಪಡಿಸಲು ಯುಪಿಎಸ್‌ಸಿಯ ಮಾಜಿ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿಯೂ ಬಂತು, ಅದೇ ವರ್ಷ ವರದಿಯನ್ನೂ ಕೊಟ್ಟಿತು. 2014ರಲ್ಲಿ ಆಯೋಗ ಅಂತಿಮ ಪಟ್ಟಿ ಪ್ರಕಟಿಸಿತು. ಅದೇ ಆಗಸ್ಟಿನಲ್ಲಿ ಸರ್ಕಾರ ಇಡೀ ನೇಮಕಾತಿಯನ್ನೇ ಹಿಂದಕ್ಕೆ ಪಡೆಯಿತು. 2016ರ ಅಕ್ಟೋಬರಿನಲ್ಲಿ ಕೆಎಟಿ, ನೇಮಕ ಮಾಡಿ ಎಂದಿತು. 2018ರ ಮಾರ್ಚಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. ಕೊನೆಗೆ 2022ರಲ್ಲಿ ವಿಧಾನಮಂಡಲವೇ ಆ ಆಯ್ಕೆಯನ್ನು ಸಿಂಧುಗೊಳಿಸುವ ಕಾಯಿದೆ ಮಾಡಿ, ಆದೇಶ ಪತ್ರಗಳು ಕೈಸೇರಿದವು.

ಲೆಕ್ಕ ಹಾಕಿ ನೋಡಿ. 2011ರಲ್ಲಿ 28 ವರ್ಷದವನು 2022ರಲ್ಲಿ 39 ವರ್ಷದವನು. ನಿವೃತ್ತಿ 60ಕ್ಕೆ. ಹನ್ನೊಂದು ವರ್ಷದ ಸಂಬಳ, ಬಡ್ತಿ ಮತ್ತು ಹಿರಿತನ ಗಾಳಿಗೆ ಹೋಯಿತು. "ಸೆಲೆಕ್ಟ್ ಆಗಿದೆ, ಆರ್ಡರ್ ಬರಬೇಕು" ಎಂದು ಹೇಳಿಕೊಂಡು ಮದುವೆಯ ಮಾತುಕತೆಗೆ ಕುಳಿತವರ ಪಾಡು ನೆನೆಸಿಕೊಳ್ಳಿ. ಅವರಲ್ಲಿ ಒಂದು ಕಾಸೂ ಕೊಡದೆ ರಾತ್ರಿ ಹಗಲು ಓದಿ ಗೆದ್ದವರಿದ್ದರು. ಅವರನ್ನೂ ಊರು ಸಂಶಯದಿಂದಲೇ ನೋಡಿತು. ಇನ್ನೊಂದು ಮಗ್ಗುಲೂ ಇದೆ. ಹಣ ಕೊಟ್ಟು ಯಾರಾದರೂ ಒಳಗೆ ಹೋಗಿದ್ದರೆ, ಅವರಿಂದಾಗಿ ಹೊರಗುಳಿದವನೂ ಅರ್ಜಿದಾರನೇ. ಅವನಿಗೆ 2022ರ ಕಾಯಿದೆ ಏನು ಕೊಟ್ಟಿತು? ಸರ್ಕಾರ ಪ್ರಾಮಾಣಿಕರನ್ನೂ ಅಪ್ರಾಮಾಣಿಕರನ್ನೂ ಮೊದಲೇ ಬೇರ್ಪಡಿಸಬೇಕಿತ್ತು. ಅದನ್ನು ಮಾಡದೆ ಮೊದಲು ಎಲ್ಲರನ್ನೂ ಹೊರಹಾಕಿ, ಆಮೇಲೆ ಎಲ್ಲರನ್ನೂ ಒಳಗೆ ತೆಗೆದುಕೊಂಡಿತು. ನಮ್ಮ ದೃಷ್ಟಿಯಲ್ಲಿ ಎರಡೂ ಅಡ್ಡದಾರಿಗಳೇ.

ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ನೇಮಕಾತಿಯ ಹಗರಣ ನಿಮಗೆಲ್ಲ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇವೆ. 545 ಹುದ್ದೆ, 2021ರ ಅಕ್ಟೋಬರಿನಲ್ಲಿ ಪರೀಕ್ಷೆ. ಕಲಬುರಗಿಯ ಒಂದು ಕೇಂದ್ರದ ಓಎಂಆರ್ ಹಾಳೆಯಿಂದ ದಾರ ಬಿಚ್ಚಿಕೊಂಡು 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು, ಜುಲೈನಲ್ಲಿ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನ. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಕನ್ನಡ ಸಂಘದವರಾದ ನಮಗೆ ಇದಕ್ಕಿಂತ ನೋವಾದದ್ದು ಅದೇ ವರ್ಷದ ಇನ್ನೊಂದು ಸಂಗತಿ. 384 ಪ್ರೊಬೇಷನರ್ ಹುದ್ದೆಗಳಿಗೆ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆಯಾಯಿತು. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಅನುವಾದಿಸಿದ್ದರು. ಆ ಕನ್ನಡ ಎಂಥದಿತ್ತೆಂದರೆ, ಕನ್ನಡದಲ್ಲಿ ಓದಿದವರಿಗೆ ಪ್ರಶ್ನೆಯೇ ಅರ್ಥವಾಗದಷ್ಟು ತಪ್ಪುಗಳು. ಗಲಾಟೆಯಾಗಿ ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಮತ್ತೆ ಅನುವಾದದ ತಪ್ಪುಗಳು! ಕನ್ನಡದ ಹೆಸರಿನ ರಾಜ್ಯದ ಆಯೋಗ ಎರಡು ಸಲ ಪ್ರಯತ್ನಿಸಿಯೂ ನೆಟ್ಟಗಿನ ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆ ಕೊಡಲಾರದೆ ಹೋಯಿತು. ಇಲ್ಲಿ ಶುಕ್ರವಾರದ ಕನ್ನಡ ತರಗತಿಗೆ ಮಕ್ಕಳನ್ನು ಎಳೆದು ತರುವ ತಾಯಂದಿರಿಗೆ ಇದನ್ನು ಹೇಗೆ ವಿವರಿಸುವುದೋ ನಮಗೆ ತಿಳಿಯದು.

ಹೀಗೆಂದು ಕುವೈತೇ ಮದ್ದು ಎಂದು ಹೇಳುವಂತಿಲ್ಲ. ಇಲ್ಲಿಯ ಸರ್ಕಾರಿ ನೌಕರಿಗೂ ಸಾಲಿದೆ, ಅದರಲ್ಲಿ ಕುವೈತಿಗಳೇ ಮುಂದೆ ನಿಂತಿದ್ದಾರೆ. 1962ರ ಸಂವಿಧಾನದ 41ನೆಯ ವಿಧಿ ಪ್ರತಿ ಕುವೈತಿಗೂ ದುಡಿಯುವ ಹಕ್ಕು ಕೊಟ್ಟಿದೆ. ಬಹುಪಾಲು ಕುವೈತಿ ಯುವಕರು ಆ ಹಕ್ಕನ್ನು ಸರ್ಕಾರಿ ಮೇಜಿನಲ್ಲೇ ಹುಡುಕುತ್ತಾರೆ. ಸರ್ಕಾರಿ ಕಚೇರಿಗಳಲ್ಲಿ ಹೊರದೇಶದವರ ಬದಲು ಸ್ವದೇಶಿಗಳನ್ನು ಐದು ವರ್ಷದೊಳಗೆ ತುಂಬಬೇಕೆಂದು ಸಿವಿಲ್ ಸರ್ವಿಸ್ ಆಯೋಗ 2017ರಲ್ಲಿ ತೀರ್ಮಾನಿಸಿತು. ಅವರ ಅಪ್ಪ ಅಮ್ಮಂದಿರ ಆತಂಕ ನಮ್ಮೂರಿನವರ ಆತಂಕವೇ. ಮಹಿಷಿ ವರದಿ ಓದಿದವರು ಅದನ್ನು ತಪ್ಪೆನ್ನಲಾರರು. 2018ರಲ್ಲಿ ನಮ್ಮ ಎಂಜಿನಿಯರುಗಳಿಗೆ ಇನ್ನೊಂದು ಏಟು ಬಿತ್ತು. ಇಕಾಮಾ ನವೀಕರಣಕ್ಕೆ ಎಂಜಿನಿಯರ್ಸ್ ಸೊಸೈಟಿಯ ಒಪ್ಪಿಗೆ ಬೇಕಾಯಿತು, ಅದಕ್ಕೆ ಕಾಲೇಜಿಗೆ ಎನ್‌ಬಿಎ ಮಾನ್ಯತೆ ಬೇಕಾಯಿತು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕಿಂತ ಮೊದಲು ಪದವಿ ಪಡೆದವರು ಮಾನ್ಯತೆ ಎಲ್ಲಿಂದ ತರಬೇಕು?

ನಮ್ಮ ವೃತ್ತಿಗೆ ಹತ್ತಿರದ್ದು ನರ್ಸ್‌ಗಳ ಪ್ರಕರಣ. ಕುವೈತಿನ ಆರೋಗ್ಯ ಸಚಿವಾಲಯದ ಕೆಲಸಕ್ಕೆ ನರ್ಸ್‌ಗಳನ್ನು ಕಳಿಸುತ್ತಿದ್ದ ಕೊಚ್ಚಿಯ ಏಜೆನ್ಸಿಯೊಂದರ ಮೇಲೆ 2015ರಲ್ಲಿ ಸಿಬಿಐ ದಾಳಿಯಾಯಿತು. 19,500 ರೂಪಾಯಿ ತೆಗೆದುಕೊಳ್ಳಬೇಕಾದ ಕಡೆ ಪ್ರತಿಯೊಬ್ಬರಿಂದ 19.5 ಲಕ್ಷ ವಸೂಲಿ ಮಾಡಿದ್ದರೆಂದು ಆರೋಪ. ಆ ವರ್ಷದ ಮೇ ತಿಂಗಳಿಂದ ಕುವೈತ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯವಾಯಿತು, ನೇಮಕ ಸರ್ಕಾರಿ ಏಜೆನ್ಸಿಗಳ ಮೂಲಕವೇ ಎಂಬ ನಿಯಮ ಬಂತು. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಸಾಲ ಮಾಡಿ ಓದಿದ ಹುಡುಗಿಯರ ಅರ್ಜಿಗಳು ಈ ಹೊಸ ನಿಯಮ ಹದಕ್ಕೆ ಬರುವವರೆಗೆ ಹಾಗೆಯೇ ಬಿದ್ದಿದ್ದವು. ನಿದ್ರೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದವರ ಇಸಿಜಿ ತೆಗೆದರೆ ಏನೂ ದೋಷವಿರುವುದಿಲ್ಲ. ಊರಿನ ಸಾಲದ ಬಗ್ಗೆ ಕೇಳಿದರೆ ಕಾರಣ ಸಿಗುತ್ತದೆ.

ಈಗ ಅಣ್ಣನ ಮಗನ ಪ್ರಶ್ನೆಗೆ ಬರೋಣ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಕುರಿತು ಸುಪ್ರೀಂ ಕೋರ್ಟಿನ 2024ರ ತೀರ್ಪಿನ ನಂತರ, ಆ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಹೊಸ ಅಧಿಸೂಚನೆಗಳನ್ನು ನಿಲ್ಲಿಸಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ 2025ರ ಆಗಸ್ಟಿನಲ್ಲಿ ಬಂತು. ಶತಮಾನಗಳಿಂದ ಹೊರಗಿದ್ದವರಿಗೆ ಪಾಲು ಸರಿಯಾಗಿ ಹಂಚಲು ತೆಗೆದುಕೊಂಡ ಸಮಯವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಅಷ್ಟು ತಿಂಗಳು ವಯೋಮಿತಿಯ ಗಡಿಯಾರ ಯಾರಿಗೂ ನಿಂತಿರಲಿಲ್ಲ. ಅವನಿಗೆ ನಾವು ಹೇಳಿದ್ದು ಇಷ್ಟು: ಪರೀಕ್ಷೆ ಬರಿ, ಜೊತೆಗೆ ಕೈಯಲ್ಲಿ ಒಂದು ಕೆಲಸವಿರಲಿ. ವೀಸಾ ವಿಷಯಕ್ಕೆ ಯಾರಾದರೂ ಲಕ್ಷಗಳ ಮಾತಾಡಿದರೆ ಮೊದಲು ಆ ಏಜೆಂಟನ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ತೆರಿಗೆ, ಅದಕ್ಕೆ ರಸೀದಿ ಕೇಳು. ನಮ್ಮ ಸದಸ್ಯರ ಮನೆಗಳಲ್ಲೂ ಇಂಥ ಕಾಗದಪತ್ರ ಬಂದಿದ್ದರೆ, ಹಣ ಕಳಿಸುವ ಮೊದಲು ಸಂಘದ ತಿಂಗಳ ಸಭೆಗೆ ತನ್ನಿ, ಕೂತು ಓದೋಣ.