ಐದು ವರ್ಷ ಅಂದಿದ್ದರು: ಪುಲಿಕೇಶಿನಗರದಿಂದ ಬ್ರಿಟನ್‌ಗೆ ಹೋದವರ ಲೆಕ್ಕ

ಇವತ್ತು ಪುಲಿಕೇಶಿನಗರದ ನಮ್ಮ ಮನೆಯಿಂದಲೇ ಮಾತಾಡ್ತಿದ್ದೀನಿ. ನಡುವೆ ರೈಲಿನ ಸದ್ದು ಕೇಳಿಸಿದ್ರೆ ಬೇಸರ ಮಾಡ್ಕೋಬೇಡಿ, ಪೂರ್ವ ನಿಲ್ದಾಣ ಹತ್ತಿರದಲ್ಲೇ ಇದೆ.

2025ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಮ್ಮಕ್ಕ ಮನೆಗೆ ಬಂದಳು. ಕೂತ್ಕೊಳ್ಳೋಕೂ ಮುಂಚೆ ಶುರು ಮಾಡಿದಳು: "ಮಗಳು ರಾತ್ರಿ ಫೋನ್ ಮಾಡಿ ಅತ್ತಳು ಕಣೋ. ಐದು ವರ್ಷ ಅಂದೋರು ಈಗ ಹತ್ತು ಅಂತಿದಾರಂತೆ. ಈ ಮನೆ ಮಾರೋದಾ, ಬೇಡ್ವಾ?"

ಅಕ್ಕನ ಮಗಳು ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. 2022ರಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಹೋದವಳು. ಐದು ವರ್ಷ ದುಡಿದರೆ ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕಬಹುದು ಅನ್ನೋದು ಆಗಿನ ನಿಯಮ. 2027ಕ್ಕೆ ಅದು ಸಿಗುತ್ತೆ, ಇಲ್ಲಿಯ ಮನೆ ಮಾರಿ ಅಲ್ಲೊಂದು ಮನೆ ತಗೊಳ್ಳೋದು ಅಂತ ತಾಯಿ ಮಗಳು ಲೆಕ್ಕ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಶ್ವೇತಪತ್ರ ಹೊರಡಿಸಿ ಐದನ್ನು ಹತ್ತು ಮಾಡ್ತೀವಿ ಅಂತು. ನವೆಂಬರ್‌ನ ಪ್ರಸ್ತಾವ ಇನ್ನೂ ಮುಂದೆ ಹೋಯ್ತು: ಸಂಬಳ ಜಾಸ್ತಿ ಇದ್ದವರಿಗೆ ಅವಧಿ ಕಡಿಮೆ, ಕೆಳಗಿನ ಹಂತದ ಕೆಲಸದವರಿಗೆ ಹದಿನೈದು ವರ್ಷ. ಮತ್ತು ಇದು ಈಗಾಗಲೇ ಅಲ್ಲಿದ್ದು ಅನುಮತಿ ಸಿಗದವರಿಗೂ ಅನ್ವಯ. ಅಕ್ಕನ ಮಗಳು ಅತ್ತಿದ್ದು ಈ ಕೊನೆಯ ಮಾತಿಗೆ.

ನಮ್ಮ ಬಡಾವಣೆಗೆ ಇಂಥ ಅಳು ಹೊಸದಲ್ಲ.

1898ರ ಪ್ಲೇಗ್ ನಂತರ ಕಂಟೋನ್ಮೆಂಟಿನ ಇಕ್ಕಟ್ಟು ತಗ್ಗಿಸೋಕೆ ಕಟ್ಟಿದ ಬಡಾವಣೆಗಳಲ್ಲಿ ಇದೂ ಒಂದು. ಆಗ ಇದರ ಹೆಸರು ಫ್ರೇಜರ್ ಟೌನ್. ಹಳಬರ ಬಾಯಲ್ಲಿ ಇವತ್ತಿಗೂ ಅದೇ. ಇಲ್ಲಿ ಮತ್ತು ಸುತ್ತಲಿನ ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್‌ಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬಹಳ ಇದ್ದವು. ರೈಲ್ವೆ, ಅಂಚೆ ತಂತಿ, ಶಾಲೆ, ಆಸ್ಪತ್ರೆ ಅವರ ಕೆಲಸದ ಜಾಗಗಳು.

ಸಂವಿಧಾನದ 336ನೇ ವಿಧಿ ಅವರಿಗೆ ರೈಲ್ವೆ, ಕಸ್ಟಮ್ಸ್, ಅಂಚೆ ತಂತಿ ಇಲಾಖೆಗಳಲ್ಲಿ ಮೀಸಲು ಕೊಟ್ಟಿತ್ತು. ಆದರೆ ಎರಡೆರಡು ವರ್ಷಕ್ಕೆ ಶೇ. 10ರಂತೆ ಅದು ಇಳಿಯುತ್ತಾ ಬಂದು ಹತ್ತು ವರ್ಷಕ್ಕೆ, ಅಂದ್ರೆ 1960ಕ್ಕೆ, ಮುಗೀಬೇಕು ಅಂತ ಅದೇ ವಿಧಿಯಲ್ಲಿತ್ತು. ಕಠಿಣ ನಿಜ. ಆದರೆ ಮೊದಲೇ ಹೇಳಿದ್ದರಿಂದ ಜನ ತಯಾರಿ ಮಾಡ್ಕೊಳ್ಳೋಕೆ ಆಯ್ತು. ಆ ತಯಾರಿಯಲ್ಲಿ ಒಂದು, ಇಂಗ್ಲೆಂಡಿಗೆ ಹೋಗೋದು. 1948ರ ಬ್ರಿಟಿಷ್ ಪೌರತ್ವ ಕಾನೂನಿನ ಪ್ರಕಾರ ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲಿಗೆ ಹೋಗಿ ನೆಲೆಸೋ ಹಕ್ಕಿತ್ತು.

ಆ ಬಾಗಿಲು 1962ರ ಜುಲೈ 1ಕ್ಕೆ ಅರ್ಧ ಮುಚ್ಚಿತು. ಅವತ್ತು ಜಾರಿಗೆ ಬಂದ ಕಾಮನ್‌ವೆಲ್ತ್ ವಲಸೆ ಕಾಯಿದೆ ಎ, ಬಿ, ಸಿ ಅಂತ ಮೂರು ಥರದ ವೋಚರ್ ತಂತು. ಕೆಲಸ ಗೊತ್ತಾಗಿದ್ದವರಿಗೆ ಎ; ಡಾಕ್ಟರ್, ನರ್ಸ್, ಮೇಷ್ಟ್ರುಗಳಂಥ ಪರಿಣತರಿಗೆ ಬಿ; ಉಳಿದವರಿಗೆ ಸಿ. 1965ರಲ್ಲಿ ಸಿ ರದ್ದಾಯ್ತು. ಇಡೀ ಕಾಮನ್‌ವೆಲ್ತ್‌ಗೆ ಸೇರಿ ವರ್ಷಕ್ಕೆ 8,500 ವೋಚರ್ ಅಂತ ಮಿತಿ ಬಂತು; ಅದರಲ್ಲೂ 1,000 ಮಾಲ್ಟಾ ದ್ವೀಪದ ಪಾಲು.

1973ರ ಜನವರಿ 1ರಿಂದ ವೋಚರೂ ಹೋಯ್ತು, ವರ್ಕ್ ಪರ್ಮಿಟ್ ಬಂತು. ನಾಲ್ಕು ವರ್ಷ ದುಡಿದ ಮೇಲೆ ಕಾಯಂ ವಾಸಕ್ಕೆ ಕೇಳಬಹುದು. ಆದರೆ ತಂದೆಯೋ ತಾಯಿಯೋ ಬ್ರಿಟನ್‌ನಲ್ಲಿ ಹುಟ್ಟಿದ್ದರೆ ಪರ್ಮಿಟ್ಟೇ ಬೇಡ. ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿದ್ದರೂ ಸುಲಭದ ದಾರಿ ಇತ್ತು. ಕೈಯಲ್ಲಿರೋ ಕೆಲಸಕ್ಕಿಂತ ಅಜ್ಜನ ಹುಟ್ಟಿನ ಪತ್ರಕ್ಕೆ ಹೆಚ್ಚು ಬೆಲೆ ಬಂತು.

ಆಸ್ಟ್ರೇಲಿಯಾದಲ್ಲಿ ಗಾಳಿ ಉಲ್ಟಾ ಬೀಸ್ತಿತ್ತು. ಬಿಳಿಯರಿಗೇ ಮೀಸಲು ಅನ್ನೋ ನೀತಿಯನ್ನು 1966ರಲ್ಲಿ ಸಡಿಲಿಸಿ, ಯುರೋಪಿಯನ್ನರಲ್ಲದವರು ಪೌರತ್ವಕ್ಕೆ ಕಾಯಬೇಕಿದ್ದ 15 ವರ್ಷವನ್ನು ಐದಕ್ಕೆ ಇಳಿಸಿದರು. ಅಲ್ಲಿದ್ದವರಿಗೆ ಅದು ಹಬ್ಬ.

ಇನ್ನು ಸಾಫ್ಟ್‌ವೇರ್ ಕಾಲಕ್ಕೆ ಬರೋಣ. 2002ರಲ್ಲಿ ಬ್ರಿಟನ್ ಹೈಲಿ ಸ್ಕಿಲ್ಡ್ ಮೈಗ್ರಂಟ್ ಪ್ರೋಗ್ರಾಂ ಶುರು ಮಾಡ್ತು. ಓದು, ಅನುಭವ, ಸಂಬಳಕ್ಕೆ ಅಂಕ. ಅಂಕ ಸಾಕಷ್ಟಿದ್ರೆ ಕೆಲಸದ ಆಫರ್ ಇಲ್ಲದೆಯೂ ಹೋಗಬಹುದು. ನಾಲ್ಕು ವರ್ಷಕ್ಕೆ ಕಾಯಂ ವಾಸ. ಇಲ್ಲಿಯ ನೌಕರಿ ಬಿಟ್ಟು ಹೋದವರು ಎಷ್ಟೋ ಜನ. 2006ರ ಏಪ್ರಿಲ್‌ನಲ್ಲಿ ನಾಲ್ಕು ಐದಾಯ್ತು, ಆಗಲೇ ಅಲ್ಲಿದ್ದವರಿಗೂ. ನವೆಂಬರ್‌ನಲ್ಲಿ ಅಂಕದ ಲೆಕ್ಕವೇ ಬದಲಾಯ್ತು. ವೀಸಾ ಮುಂದುವರಿಸಬೇಕಾದ್ರೆ ಹೊಸ ಲೆಕ್ಕದಲ್ಲಿ ಪಾಸಾಗಬೇಕು.

ವಲಸಿಗರು ಸಂಘ ಕಟ್ಟಿಕೊಂಡು ಲಂಡನ್ ಹೈಕೋರ್ಟಿಗೆ ಹೋದರು. 2008ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಮೊದಲೇ ಸೇರಿಸಿಕೊಂಡವರ ಮೇಲೆ ಹೊಸ ಅಂಕದ ನಿಯಮ ಹೇರೋದು ಕಾನೂನುಬಾಹಿರ. 2009ರಲ್ಲಿ ಎರಡನೇ ತೀರ್ಪು: 2006ರ ಏಪ್ರಿಲ್‌ಗಿಂತ ಮುಂಚೆ ಈ ಯೋಜನೆಗೆ ಸೇರಿದವರಿಗೆ ನಾಲ್ಕೇ ವರ್ಷ. ಆ ತೀರ್ಪು ಕೊಟ್ಟ ನ್ಯಾಯಮೂರ್ತಿಯ ಹೆಸರು ಕಾಕ್ಸ್. ನಮ್ಮ ಪಕ್ಕದ ಕಾಕ್ಸ್ ಟೌನಿಗೂ ಅವರಿಗೂ ಸಂಬಂಧ ಇಲ್ಲ, ಆದರೆ ನೆನಪಿಟ್ಕೊಳ್ಳೋಕೆ ಅನುಕೂಲ!

ಈ ಇತಿಹಾಸ ಓದಿ ನನಗನ್ನಿಸಿದ್ದು ಇಷ್ಟು. ಯಾರನ್ನು ಒಳಗೆ ಬಿಡಬೇಕು, ಎಷ್ಟು ವರ್ಷ ಕಾಯಿಸಬೇಕು ಅಂತ ಒಂದು ದೇಶ ತೀರ್ಮಾನ ಮಾಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತು. ಕೇಳಿದವರು ಬೇಡ ಅಂತ ಇಲ್ಲೇ ಉಳೀಬಹುದು. ಆದರೆ ಒಂದು ಮಾತು ನಂಬಿ ಅರ್ಧ ದಾರಿ ನಡೆದವರಿಗೆ ದಾರಿ ಇನ್ನೂ ಅಷ್ಟೇ ಇದೆ ಅನ್ನೋದು ಬೇರೆ. ಅವರು ತೆರಿಗೆ ಕಟ್ಟಿದ್ದಾಗಿದೆ, ಪ್ರಾಯ ಕಳೆದಿದ್ದಾಗಿದೆ. ಆ ವರ್ಷಗಳನ್ನು ವಾಪಸ್ ಕೊಡೋಕೆ ಯಾವ ಕಚೇರಿಗೂ ಆಗಲ್ಲ.

ಹಾಗಂತ 2008ರ ತೀರ್ಪನ್ನೇ ನೆಚ್ಚಿಕೊಂಡು ಕೂರೋ ಹಾಗೂ ಇಲ್ಲ. ಅದು ಒಂದು ಯೋಜನೆಯ ಜನಕ್ಕೆ, ಆ ಯೋಜನೆಯ ಕಾಗದದಲ್ಲಿ ಕೊಟ್ಟ ಭರವಸೆ ನೋಡಿ ಕೊಟ್ಟದ್ದು.

ಸಂಜೆ ಕೋಲ್ಸ್ ಪಾರ್ಕ್ ಸುತ್ತ ನಡೆಯುವಾಗ ಹಳೇ ಬಂಗಲೆಗಳಿದ್ದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್‌ಗಳನ್ನು ನೋಡ್ತೀನಿ. ಊರು ಬಿಡೋ ಅವಸರದಲ್ಲಿ ಕೈ ಬಿಟ್ಟ ಮನೆಗಳು ಅವುಗಳಲ್ಲಿ ಎಷ್ಟಿದ್ದವೋ. ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: "ಮಗಳ ಕೈಗೆ ಕಾಗದ ಬರೋವರೆಗೂ ಮನೆ ಮಾರಬೇಡ. ಅವಳಿಗೆ ಸೇರಿದಾಗಿನ ಪತ್ರಗಳನ್ನೆಲ್ಲ ಜೋಪಾನವಾಗಿ ಇಟ್ಕೊಳ್ಳೋಕೆ ಹೇಳು."

ಅಕ್ಕ ಕಾಫಿ ಕುಡಿದು ಎದ್ದಳು. "ಹಂಗಾದ್ರೆ ಈ ಮಳೆಗಾಲದೊಳಗೆ ಹೆಂಚು ಕೈಯಾಡಿಸಬೇಕು," ಅಂದಳು.